ಮೂರನೇ ಶಾಟು

ಐದು ಶಾಟು, ಒಂದು ನಿಮಿಷ, ಮಾತಿಲ್ಲ.
ರುದ್ರಮುನಿ ಸರ್ ಕೊಟ್ಟಿದ್ದು ಇಷ್ಟೇ.
ಬೋರ್ಡಿನ ಮೇಲೊಂದು ಗೆರೆ ಎಳೆದು
ಕ್ಯಾಮೆರಾ ಹಿಡಿದು ಇದನ್ನು ದಾಟಿದಿರೋ,
ಎದುರುಬದುರು ಕೂತವರೂ
ಬೆನ್ನು ತಿರುಗಿಸಿದ ಹಾಗೆ ಕಾಣ್ತಾರೆ, ಅಂದರು.
ನಕ್ಕೆವು. ಬರೆದುಕೊಂಡೆವು.

ಕ್ಯಾಮೆರಾ ಇಡೀ ಕಾಲೇಜಿಗೆ ಒಂದೇ.
ಟ್ರೈಪಾಡಿನ ಒಂದು ಕಾಲು ಜಾರುತ್ತಿತ್ತು,
ಓಬಳೇಶ ಸೈಕಲ್ ಟ್ಯೂಬು ಕೊಯ್ದು ಸುತ್ತಿದ.
ತಸ್ಮಿಯಾ ಕೈಗೆ ಕಂಟಿನ್ಯುಟಿ ಪುಸ್ತಕ:
ಸೆರಗು ಯಾವ ಹೆಗಲಿಗೆ, ಮೊರ ಯಾವ ಕೈಗೆ,
ಲೋಟದಲ್ಲಿ ಚಹಾ ಎಲ್ಲಿವರೆಗೆ.
ನಾವು ಮರೆತದ್ದನ್ನು ಪುಸ್ತಕ ಮರೆಯಬಾರದು.

ಬೆಳಗಿನ ಐದಕ್ಕೆ ಮಂಡಕ್ಕಿ ಭಟ್ಟಿ.
ಹೊಗೆ ಆಗಲೇ ಅರ್ಧ ಓಣಿ ನುಂಗಿತ್ತು.
"ಮದಿವಿ ವಿಡಿಯೋದೋರೇನ್ರಿ?" ಅಂದಳು ಕಾಸಿಂಬಿ.
ಅಲ್ಲ ಅಂದೆವು. ಮತ್ತೇನು ಅಂತ ಕೇಳಲಿಲ್ಲ,
ಅಕ್ಕಿ ಚೀಲ ಬಿಚ್ಚಿದಳು.

ಬಿಳಿ ಯಾವುದೆಂದು ಕ್ಯಾಮೆರಾಕ್ಕೆ ಮೊದಲು ಹೇಳಿಕೊಡಬೇಕು.
ಇಲ್ಲದಿದ್ದರೆ ಒಲೆಯ ಬಣ್ಣವನ್ನೇ
ಲೋಕದ ಬಣ್ಣ ಅಂದುಕೊಳ್ಳುತ್ತದೆ.
ಬಿಳಿ ಹಾಳೆ ತರಲು ಮರೆತಿದ್ದೆವು.
ಅವಳೇ ಒಂದು ಮೊರ ಮಂಡಕ್ಕಿ ಲೆನ್ಸಿಗೆ ಹಿಡಿದಳು:
"ಇದಕ್ಕಿಂತ ಬಿಳೇದು ದಾವಣಗೆರ್ಯಾಗ ಐತೇನು?"
ಆಗ ಅವಳ ಮುಖಕ್ಕೆ
ಅವಳದೇ ಬಣ್ಣ ಬಂತು.

ಓಣಿ ಸಿಕ್ಕಿತು. ಒಲೆಗೆ ಹೊಟ್ಟು ಸುರಿಯುವ ಕೈ ಸಿಕ್ಕಿತು.
ಮೂರನೆಯದು ತೀರಾ ಹತ್ತಿರದ್ದು.
ಕಾದ ಮರಳಿಗೆ ಬಿದ್ದ ಅಕ್ಕಿ
ಒಂದು ಉಸಿರಿನಷ್ಟು ಸುಮ್ಮನಿದ್ದು
ಒಮ್ಮೆಲೇ ಅರಳುವುದು.
ನಾನು ಫೋಕಸ್ ತಿರುಗಿಸುವಷ್ಟರಲ್ಲಿ
ಅರಳಿ, ಜರಡಿ ಸೇರಿ, ಮರಳು ಕೊಡವಿಕೊಂಡಾಗಿತ್ತು.
ಒನ್ ಮೋರ್, ಅಂದೆ.
ಎರಡನೇ ಸಲ ಹೊಗೆ ಅಡ್ಡ ಬಂತು.
ಮೂರನೇ ಸಲ ಸರಿ ಇತ್ತು.
ಇನ್ನೂ ಸರಿ ಬರಬಹುದೇನೋ ಅಂತ
ಒನ್ ಮೋರ್.
ಎರಡೇ ಪದ, ಬಾಯಿಗೆ ಎಷ್ಟು ಬೇಗ ಒಗ್ಗುತ್ತವೆ!
ಐದನೇ ಸಲ ಅವಳು ಬಾಣಲೆ ಬಿಟ್ಟು ನನ್ನನ್ನು ನೋಡಿದಳು,
ಈಗ ಸುರೀಲೇನು, ಅನ್ನುವ ಹಾಗೆ.
ಮರಳು ಹೆಬ್ಬೆರಳ ಮೇಲೆ.

"ಏನಿಲ್ಲ ಬಿಡ್ರಿ, ದಿನಾ ಇದ್ದದ್ದ."
ದಿನಾ ಇದ್ದದ್ದಲ್ಲ.
ದಿನಾ ಅವಳು ನೋಡುವುದು ಮರಳನ್ನು.
ಗಡಿಗೆಯ ನೀರಲ್ಲಿ ಕೈ ಅದ್ದಿ
ಹಳೇ ಸೀರೆಯ ಅಂಚು ಹರಿದು ಸುತ್ತಿ
ಮತ್ತೆ ಬಂದು ಕೂತಳು.
ಉಳಿದೆರಡು ಶಾಟು ತೆಗೆದೆವು.
ಬೆಳಕು ಚೆನ್ನಾಗಿತ್ತು.

ಲ್ಯಾಬಿನಲ್ಲಿ ಎರಡು ಕಂಪ್ಯೂಟರು, ಒಂದಕ್ಕೆ ಮೌಸಿಲ್ಲ.
ಮೂರರಲ್ಲಿ ಬರಿಗೈ, ನಾಲ್ಕರಲ್ಲಿ ಬಟ್ಟೆ.
ಜೋಡಿಸಿದರೆ ಎಗರುತ್ತದೆ.
ನಾಲ್ಕನ್ನು ಸ್ವಲ್ಪ ಹಿಗ್ಗಿಸಿದೆ,
ಹೆಬ್ಬೆರಳು ಚೌಕಟ್ಟಿನ ಆಚೆ ಹೋಯಿತು.
ಐದರಲ್ಲಿ ಕೈ ಮೇಲೇಳುವ
ಹದಿನಾಲ್ಕು ಫ್ರೇಮಿಗೆ ಮೊದಲೇ ಕತ್ತರಿಸಿದೆ.
ಸುಟ್ಟಗಾಯ ಮಾಯಲು
ಮೂರು ಕ್ಲಿಕ್ಕು ಸಾಕಾಯಿತು.
ಮೂರನೇ ಶಾಟಿಗೆ ಇಟ್ಟದ್ದು ಮೂರನೇ ಟೇಕು.
ಅದು ಸರಿ ಇತ್ತು ಅಂತ
ಆಗಲೇ ಹೇಳಿದೆನಲ್ಲ.

ಹತ್ತಕ್ಕೆ ಎಂಟು.
"ಕಂಟಿನ್ಯುಟಿ ಸ್ವಚ್ಛ.
ಎಲ್ಲೂ ಗೆರೆ ದಾಟಿಲ್ಲ, ಭೇಷ್," ಅಂದರು ಸರ್.
ಓಬಳೇಶ ನನ್ನ ಬೆನ್ನು ತಟ್ಟಿದ.
ತಸ್ಮಿಯಾ ಪುಸ್ತಕ ಮುಚ್ಚಿರಲಿಲ್ಲ:
ಶಾಟು ಮೂರು, ಟೇಕು ಐದು, ಬಲಗೈ ಹೆಬ್ಬೆರಳು,
ಬಟ್ಟೆ ಹಸಿರು ಅಂಚಿನದು.
ಕೆಳಗೆ ಪೆನ್ಸಿಲಿನಲ್ಲಿ: ಮುಲಾಮು.

ಮುಲಾಮು ಒಯ್ದದ್ದು ಎಂಟು ದಿನ ತಡವಾಗಿ.
ಫೋನಿನಲ್ಲಿ ತೋರಿಸಿದೆವು.
ಕೈ ಒರೆಸಿಕೊಂಡು ಇಸಕೊಂಡಳು,
ಒಂದು ನಿಮಿಷ ಕಣ್ಣು ಮಿಟುಕಿಸಲಿಲ್ಲ.
ಪರದೆಯ ಹೆಬ್ಬೆರಳಿಗೆ
ತನ್ನ ಹೆಬ್ಬೆರಳು ತಂದಿಟ್ಟು,
ಹೊಸ ಚರ್ಮ ಇನ್ನೂ ಗುಲಾಬಿ,
ಕೇಳಿದಳು:
"ಇದು ಯಾವತ್ತಿಂದು?"